ಒಂದು ಕಪ್ ಮೈದಾ 120 ಗ್ರಾಮೋ, 150 ಗ್ರಾಮೋ?

ಪ್ರಶ್ನೆ: ಅಮೆರಿಕದ ಲೇಖಕಿಯೊಬ್ಬರ ಚಾಕೊಲೇಟ್ ಕೇಕ್ ಪಾಕವಿಧಾನ ನನ್ನ ಬಳಿ ಇದೆ. ಅಳತೆಗಳೆಲ್ಲ ಕಪ್‌ನಲ್ಲಿವೆ. ಮೈದಾ 2 ಕಪ್, ಕೋಕೋ ಪುಡಿ ಅರ್ಧ ಕಪ್, ಸಕ್ಕರೆ ಒಂದೂವರೆ ಕಪ್, ಎಣ್ಣೆ ಅರ್ಧ ಕಪ್, ಜೇನುತುಪ್ಪ ಕಾಲು ಕಪ್, ಹಾಲು ಒಂದೂಕಾಲು ಕಪ್, ಮೊಟ್ಟೆ 2, ಬೇಕಿಂಗ್ ಪೌಡರ್ 2 ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಕಪ್‌ನಲ್ಲಿ ಅಳೆದು ಮಾಡಿದಾಗ ಒಂದು ಸಲ ಮೃದುವಾಗಿ, ಇನ್ನೊಂದು ಸಲ ಗಟ್ಟಿಯಾಗಿ ಬರುತ್ತಿತ್ತು. ಅದಕ್ಕೇ ಡಿಜಿಟಲ್ ತಕ್ಕಡಿ ಕೊಂಡೆ. ಈಗ ಗೊಂದಲ ಇನ್ನೂ ಹೆಚ್ಚಾಗಿದೆ. ಒಂದು ಕೋಷ್ಟಕದಲ್ಲಿ ಮೈದಾ ಕಪ್‌ಗೆ 120 ಗ್ರಾಂ, ಇನ್ನೊಂದರಲ್ಲಿ 142, ಮತ್ತೊಂದರಲ್ಲಿ 150. ಕೋಕೋ ಒಂದು ಕಡೆ 85, ಇನ್ನೊಂದು ಕಡೆ 118. ನಾನು 150 ಮತ್ತು 118ನ್ನು ನಂಬಿದೆ. ದ್ರವಗಳನ್ನು 1 ಮಿಲಿಲೀಟರ್ ಅಂದರೆ 1 ಗ್ರಾಂ ಎಂದು ಲೆಕ್ಕ ಹಾಕಿ ಎಣ್ಣೆ 120, ಜೇನು 60, ಹಾಲು 300 ಗ್ರಾಂ ತೂಗಿದೆ. ಬೇಕಿಂಗ್ ಪೌಡರ್ 8 ಗ್ರಾಂ ಬೇಕೆಂದು ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಹೋದರೆ ತಕ್ಕಡಿ ಬಹಳ ಹೊತ್ತು 5ರಲ್ಲೇ ನಿಂತಿತ್ತು. ಕೇಕ್ ಒಣಕಲಾಯಿತು, ಮೇಲೆ ಬಿರುಕು ಬಿಟ್ಟಿತು, ತುಸು ಕಹಿಯೂ ಇತ್ತು. ಯಾವ ಕೋಷ್ಟಕ ಸರಿ? ಎಲ್ಲವನ್ನೂ ತೂಗಲೇಬೇಕೇ? ಮುನ್ನುಡಿಯಲ್ಲಿ ಲೇಖಕಿ “ಮೈದಾವನ್ನು ಚಮಚದಿಂದ ಕಪ್‌ಗೆ ಹಾಕಿ, ಚಾಕುವಿನ ಬೆನ್ನಿನಿಂದ ಸಮ ಮಾಡಿ” ಎಂದಿದ್ದಾರೆ. ತೂಗುವವರಿಗೆ ಆ ಮಾತು ಬೇಕಿಲ್ಲ, ಅಲ್ಲವೇ?

ಉತ್ತರ: ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತೂಗುವವರಿಗೇ ಬೇಕು. ನೀವು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಇರುವುದು ಕೋಷ್ಟಕದಲ್ಲಲ್ಲ, ಆ ಒಂದು ಸಾಲಿನಲ್ಲಿ.

ನಿಮ್ಮ ಚಿಂತೆಯನ್ನು ಹೀಗೆ ಬಿಡಿಸಿ ನೋಡೋಣ. ತಕ್ಕಡಿ ನಿಖರ, ಕಪ್ ಅಂದಾಜು. ಹಾಗಿದ್ದರೂ ತಕ್ಕಡಿಯಿಂದ ಮಾಡಿದ ಕೇಕ್ ಯಾಕೆ ಕೆಟ್ಟಿತು? ತಕ್ಕಡಿಯ ತಪ್ಪು ಇದರಲ್ಲಿ ಒಂದೇ ಕಡೆ ಇದೆ, ಬೇಕಿಂಗ್ ಪೌಡರ್‌ನಲ್ಲಿ. ಉಳಿದದ್ದು ಕಪ್‌ನಿಂದ ಗ್ರಾಂಗೆ ದಾಟುವಾಗ ಆದ ತಪ್ಪು. ಪರಿವರ್ತನೆ ಎಂದರೆ ಬರೆದವರ ಕಪ್‌ನಲ್ಲಿ ಅವತ್ತು ನಿಜವಾಗಿ ಎಷ್ಟು ಹಿಟ್ಟಿತ್ತು ಎಂದು ಪತ್ತೆ ಮಾಡುವ ಕೆಲಸ. ಕೋಷ್ಟಕ ಹೇಳುವುದು ಕೋಷ್ಟಕ ಬರೆದವರ ಕಪ್‌ನಲ್ಲಿ ಎಷ್ಟಿತ್ತು ಎಂದು. ಇವೆರಡೂ ಒಂದೇ ಆಗಬೇಕಿಲ್ಲ.

ಮೊದಲು ಸುಲಭದ್ದನ್ನು ಮುಗಿಸುತ್ತೇನೆ. 1 ಮಿಲಿಲೀಟರ್ ಅಂದರೆ 1 ಗ್ರಾಂ ಎನ್ನುವುದು ನೀರಿಗೆ ಸಲ್ಲುವ ಮಾತು. ಹಾಲಿಗೂ ಹೆಚ್ಚುಕಡಿಮೆ ನಡೆಯುತ್ತದೆ, ಏಕೆಂದರೆ ಹಾಲು ಮಿಲಿಲೀಟರ್‌ಗೆ ಸುಮಾರು 1.03 ಗ್ರಾಂ ತೂಗುತ್ತದೆ. ಅಡುಗೆ ಎಣ್ಣೆ ಸುಮಾರು 0.92 ಗ್ರಾಂ. ಜೇನುತುಪ್ಪ ಸುಮಾರು 1.42 ಗ್ರಾಂ. ನಿಮ್ಮ ಅರ್ಧ ಕಪ್ ಎಣ್ಣೆ 109 ಗ್ರಾಂ ಆಗಬೇಕಿತ್ತು, ನೀವು ಹಾಕಿದ್ದು 120. ಇದರಿಂದ ಕೇಕ್ ಕೆಡುವುದಿಲ್ಲ. ಹಾಲು 305 ಗ್ರಾಂ ಆಗಬೇಕಿತ್ತು, 300 ಹಾಕಿದ್ದೀರಿ, ಅದೂ ಲೆಕ್ಕಕ್ಕಿಲ್ಲ. ಆದರೆ ಕಾಲು ಕಪ್ ಜೇನು ಎಂದರೆ 84–85 ಗ್ರಾಂ. ನೀವು ಹಾಕಿದ 60 ಗ್ರಾಂನಲ್ಲಿ 25 ಗ್ರಾಂ ಕಡಿಮೆ ಬಿತ್ತು. ಜೇನು ಬರೀ ಸಿಹಿಗಲ್ಲ, ನೀರಿನಂಶವನ್ನು ಹಿಡಿದಿಟ್ಟುಕೊಂಡು ಕೇಕ್ ಬೇಗ ಒಣಗದಂತೆಯೂ ನೋಡಿಕೊಳ್ಳುತ್ತದೆ. ಒಣಕಲಾದದ್ದಕ್ಕೆ ಇದೂ ಒಂದು ಕಾರಣ, ಆದರೆ ದೊಡ್ಡ ಕಾರಣವಲ್ಲ.

ದೊಡ್ಡ ಕಾರಣ ಮೈದಾ ಮತ್ತು ಕೋಕೋ. 2 ಕಪ್ ಮೈದಾ 120ರ ಲೆಕ್ಕದಲ್ಲಿ 240 ಗ್ರಾಂ, 150ರ ಲೆಕ್ಕದಲ್ಲಿ 300 ಗ್ರಾಂ. ಅಂತರ 60 ಗ್ರಾಂ, ಅಂದರೆ ಇನ್ನೂ ಅರ್ಧ ಕಪ್ ಮೈದಾ ಸೇರಿಸಿದ ಹಾಗೆ. ಅರ್ಧ ಕಪ್ ಕೋಕೋ 42 ಗ್ರಾಂ ಬದಲು 59 ಗ್ರಾಂ ಆಯಿತು. ಕೋಕೋ ಪುಡಿ ಅದೇ ತೂಕದ ಮೈದಾಕ್ಕಿಂತಲೂ ಹೆಚ್ಚು ನೀರು ಕುಡಿಯುತ್ತದೆ. ಒಟ್ಟು 77 ಗ್ರಾಂ ಒಣ ಪುಡಿ ಹೆಚ್ಚಿಗೆ ಬಿತ್ತು, ಹಾಲು ಅಷ್ಟೇ ಇತ್ತು. ಮಿಶ್ರಣ ಬಿಗಿಯಾಯಿತು. ಬಿಗಿಯಾದ ಮಿಶ್ರಣದ ಮೇಲ್ಭಾಗ ಓವನ್‌ನಲ್ಲಿ ಬೇಗ ಗಟ್ಟಿಕಟ್ಟುತ್ತದೆ. ಒಳಗಿನದು ತಡವಾಗಿ ಉಬ್ಬಿ ಅದನ್ನು ಸೀಳುತ್ತದೆ. ನೀವು ಕಂಡ ಬಿರುಕು ಅದೇ.

ಒಂದೇ ಕಪ್‌ನಲ್ಲಿ 120 ಗ್ರಾಮೂ ಹಿಡಿಯುತ್ತದೆ, 150 ಗ್ರಾಮೂ ಹಿಡಿಯುತ್ತದೆ. ಯಾಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇದು ಗೊತ್ತಾದರೆ ಯಾವುದನ್ನು ತೂಗಬೇಕು, ಯಾವುದಕ್ಕೆ ಕಪ್ ಸಾಕು ಎಂಬುದು ತಾನಾಗಿ ತಿಳಿಯುತ್ತದೆ.

ಮೈದಾದ ಕಣವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಅದರ ಸಾಂದ್ರತೆ ಮಿಲಿಲೀಟರ್‌ಗೆ ಸುಮಾರು 1.45 ಗ್ರಾಂ, ಅದು ನೀರಿಗಿಂತ ಭಾರ. ಕಪ್‌ನಲ್ಲಿ 120 ಗ್ರಾಂ ಮೈದಾ ಇದ್ದರೆ ಆ ಕಣಗಳು ತುಂಬುವ ಜಾಗ ಬರೀ 83 ಮಿಲಿಲೀಟರ್. ಅಮೆರಿಕದ ಕಪ್ 237 ಮಿಲಿಲೀಟರ್. ಉಳಿದದ್ದೆಲ್ಲ ಗಾಳಿ, ಹತ್ತಿರ ಹತ್ತಿರ ಮೂರನೇ ಎರಡು ಪಾಲು. ನೀವು ಕಪ್‌ನಲ್ಲಿ ಅಳೆಯುತ್ತಿರುವುದು ಹಿಟ್ಟಿಗಿಂತ ಹೆಚ್ಚಾಗಿ ಗಾಳಿಯನ್ನು. ಕಣಗಳು ಬಹಳ ಸಣ್ಣವಾದ್ದರಿಂದ ಅವು ಒಂದಕ್ಕೊಂದು ಅಂಟಿಕೊಳ್ಳುವ ಬಲ ಅವುಗಳ ಸ್ವಂತ ಭಾರಕ್ಕಿಂತ ಹೆಚ್ಚು. ಹಾಗಾಗಿ ಅವು ಜಾರಿ ಕೆಳಗೆ ಕೂರುವುದಿಲ್ಲ, ನಡುವೆ ಪೊಳ್ಳು ಬಿಟ್ಟು ಕಮಾನಿನಂತೆ ನಿಲ್ಲುತ್ತವೆ. ಚಮಚದಿಂದ ಮೆಲ್ಲಗೆ ಉದುರಿಸಿದರೆ ಈ ಪೊಳ್ಳುಗಳು ಉಳಿಯುತ್ತವೆ. ಕಪ್ಪನ್ನೇ ಡಬ್ಬಿಗೆ ಇಳಿಸಿ ಮೊಗೆದರೆ ಕಪ್‌ನ ಅಂಚು ಹಿಟ್ಟನ್ನು ಒತ್ತಿ ಅವನ್ನು ಕುಸಿಸುತ್ತದೆ. ಕಪ್ಪನ್ನು ಕಟ್ಟೆಗೆ ತಟ್ಟಿದರೆ ಇನ್ನಷ್ಟು ಕುಸಿಯುತ್ತವೆ. ಚೀಲದ ತಳದಲ್ಲಿ ವಾರಗಟ್ಟಲೆ ಅದುಮಿಕೊಂಡು ಕೂತ ಹಿಟ್ಟು ಮೊದಲೇ ಅಡಕವಾಗಿರುತ್ತದೆ.

ಅಂದಾಜಿಗೆ ಈ ಅಂಕಿಗಳನ್ನು ಇಟ್ಟುಕೊಳ್ಳಿ. ಜರಡಿ ಹಿಡಿದು ಆಮೇಲೆ ಕಪ್‌ಗೆ ತುಂಬಿದ ಮೈದಾ 100ರಿಂದ 115 ಗ್ರಾಂ. ಚಮಚದಿಂದ ತುಂಬಿ ತಲೆ ಸವರಿದ್ದು, ಅಂದರೆ ಚಾಕುವಿನಿಂದ ಮೇಲ್ಭಾಗ ಸಮ ಮಾಡಿದ್ದು, 120ರಿಂದ 125. ಮೊಗೆದು ತಲೆ ಸವರಿದ್ದು 140ರಿಂದ 150. ಮೊಗೆದು, ತಟ್ಟಿ, ಮತ್ತೆ ತುಂಬಿದ್ದು 160ನ್ನೂ ದಾಟಬಹುದು. ನಿಮ್ಮ ಮೂರು ಕೋಷ್ಟಕಗಳಲ್ಲಿ ಯಾವುದೂ ಸುಳ್ಳು ಹೇಳಿಲ್ಲ. ಅಮೆರಿಕದ ಹಿಟ್ಟಿನ ಕಂಪನಿ ಕಿಂಗ್ ಆರ್ಥರ್ ತನ್ನ ಪಾಕವಿಧಾನಗಳಿಗೆಲ್ಲ ಕಪ್‌ಗೆ 120 ಗ್ರಾಂ ಹಿಡಿಯುತ್ತದೆ. ಅಲ್ಲಿನ ಕೃಷಿ ಇಲಾಖೆಯ ಆಹಾರ ಮಾಹಿತಿಯಲ್ಲಿ 125 ಗ್ರಾಂ ಇದೆ. ಪಾಕವಿಧಾನಗಳನ್ನು ಪರೀಕ್ಷಿಸಿ ಪ್ರಕಟಿಸುವ ಸಂಸ್ಥೆ ಅಮೆರಿಕಾಸ್ ಟೆಸ್ಟ್ ಕಿಚನ್ ಮೊಗೆಯುವ ಪದ್ಧತಿಯನ್ನು ಅನುಸರಿಸಿ 5 ಔನ್ಸ್, ಅಂದರೆ 142 ಗ್ರಾಂ ಹಿಡಿಯುತ್ತದೆ. ಒಬ್ಬೊಬ್ಬರೂ ತಮ್ಮ ಪಾಕವಿಧಾನಕ್ಕೆ ತಮ್ಮ ಅಂಕಿಯನ್ನು ಬಳಸಿದಾಗ ಮೂರೂ ಸರಿ. ಒಬ್ಬರ ಪಾಕವಿಧಾನಕ್ಕೆ ಇನ್ನೊಬ್ಬರ ಅಂಕಿಯನ್ನು ತಂದಾಗ ಮಾತ್ರ ತಪ್ಪು.

ಸಕ್ಕರೆಯ ಕತೆ ಬೇರೆ. ಹರಳು ದೊಡ್ಡದು, ಗಟ್ಟಿ, ತನ್ನ ಭಾರಕ್ಕೆ ತಾನೇ ಉರುಳಿ ಜಾಗ ಹುಡುಕಿಕೊಳ್ಳುತ್ತದೆ. ಹೇಗೇ ತುಂಬಿದರೂ ಕಪ್‌ಗೆ 200 ಗ್ರಾಂ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದಕ್ಕೇ ಕೋಷ್ಟಕಗಳು ಸಕ್ಕರೆಯ ವಿಷಯದಲ್ಲಿ ಹೆಚ್ಚು ಜಗಳವಾಡುವುದಿಲ್ಲ. ಅದೇ ಸಕ್ಕರೆಯನ್ನು ಪುಡಿ ಮಾಡಿದ ಕೂಡಲೇ ಅದು ಮೈದಾದ ಸಾಲಿಗೆ ಸೇರುತ್ತದೆ. ಕಪ್‌ಗೆ 113ರಿಂದ 120 ಗ್ರಾಂ, ಅದೂ ಉಂಡೆಗಳಿಲ್ಲದಿದ್ದರೆ. ಕಂದು ಸಕ್ಕರೆಯನ್ನು ಒತ್ತಿ ತುಂಬಿ ಎಂದು ಪಾಕವಿಧಾನಗಳು ಹೇಳುವುದೂ ಇದಕ್ಕೇ. ಒತ್ತಿದರೆ ಗಾಳಿ ಹೊರಟುಹೋಗಿ ಎಲ್ಲರ ಕಪ್‌ನಲ್ಲೂ 213ರಿಂದ 220 ಗ್ರಾಂ ಸಿಗುತ್ತದೆ. ಸಡಿಲವಾಗಿ ತುಂಬಿದರೆ 150ಕ್ಕೂ ಕಡಿಮೆ ಆಗಬಹುದು.

ಹಾಗಾಗಿ ನನ್ನ ಸಲಹೆ ಇಷ್ಟು. ನುಣುಪಾದ ಪುಡಿಗಳನ್ನು ತಪ್ಪದೆ ತೂಗಿ: ಮೈದಾ, ಕೋಕೋ, ಪುಡಿ ಸಕ್ಕರೆ, ಬಾದಾಮಿ ಪುಡಿ, ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಫ್ಲೋರ್). ಹರಳು ಸಕ್ಕರೆ, ಹಾಲು, ನೀರು, ಎಣ್ಣೆಗಳನ್ನು ಅನುಕೂಲಕ್ಕಾಗಿ ತೂಗಬಹುದು. ಕಪ್‌ನಲ್ಲಿ ಅಳೆದರೂ ಮೋಸವಿಲ್ಲ. ಜೇನಿನಂಥ ಅಂಟು ಪದಾರ್ಥಗಳನ್ನು ತೂಗುವುದೇ ಮೇಲು. ಕಪ್‌ಗೆ ಹಾಕಿ ಸುರಿದರೆ ಒಂದಿಷ್ಟು ಕಪ್‌ನಲ್ಲೇ ಉಳಿಯುತ್ತದೆ, ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ನೇರವಾಗಿ ಸುರಿದರೆ ಆ ತೊಂದರೆ ಇಲ್ಲ.

ಇನ್ನು ಕಪ್ ಎಂದರೆ ಯಾರ ಕಪ್? ಅಮೆರಿಕದ ರೂಢಿಯ ಕಪ್ 236.6 ಮಿಲಿಲೀಟರ್. ಅಲ್ಲಿನ ಪೊಟ್ಟಣಗಳ ಪೌಷ್ಟಿಕಾಂಶ ಪಟ್ಟಿಯಲ್ಲಿ ಲೆಕ್ಕಕ್ಕೆ 240 ಹಿಡಿಯುತ್ತಾರೆ. ಆಸ್ಟ್ರೇಲಿಯಾದ ಮೆಟ್ರಿಕ್ ಕಪ್ 250. ಜಪಾನಿನ ಅಡುಗೆ ಕಪ್ 200, ಅನ್ನದ ಕುಕ್ಕರ್ ಜೊತೆ ಬರುವ ಕಪ್ 180. ಬ್ರಿಟನ್ನಿನ ಹಳೆಯ ಪುಸ್ತಕಗಳ ಕಪ್ ಅರ್ಧ ಪಿಂಟ್, ಅಂದರೆ 284. ಟೀ ಚಮಚ ಎಲ್ಲ ಕಡೆಯೂ 5 ಮಿಲಿಲೀಟರ್ ಎಂದುಕೊಂಡರೆ ಸಾಕು. ಆದರೆ ಟೇಬಲ್ ಚಮಚ ಅಮೆರಿಕ, ಬ್ರಿಟನ್‌ಗಳಲ್ಲಿ 15 ಆದರೆ ಆಸ್ಟ್ರೇಲಿಯಾದಲ್ಲಿ 20. ಬೇಕಿಂಗ್ ಪೌಡರ್ ಅನ್ನು ಟೇಬಲ್ ಚಮಚದಲ್ಲಿ ಹೇಳಿದ ಪಾಕವಿಧಾನ ಎಲ್ಲಿಯದೆಂದು ನೋಡದೆ ಮುಂದುವರಿಯಬೇಡಿ. ಔನ್ಸ್‌ನಲ್ಲೂ ಎರಡಿವೆ. ತೂಕದ ಔನ್ಸ್ 28.35 ಗ್ರಾಂ. ದ್ರವದ ಔನ್ಸ್ ಗಾತ್ರದ ಅಳತೆ, ಅಮೆರಿಕದಲ್ಲಿ 29.57 ಮಿಲಿಲೀಟರ್, ಬ್ರಿಟನ್ನಿನಲ್ಲಿ 28.41. ‘ಒಂದು ಕಪ್ ಅಂದರೆ 8 ಔನ್ಸ್, ಹಾಗಾಗಿ ಮೈದಾ 227 ಗ್ರಾಂ’ ಎಂಬ ಲೆಕ್ಕ ಹುಟ್ಟುವುದು ಇವೆರಡನ್ನು ಕಲಸಿದಾಗ. ಅಳತೆ ಕೋಷ್ಟಕಗಳಲ್ಲಿ ನಾನು ಕಂಡ ಅತ್ಯಂತ ಅಪಾಯದ ತಪ್ಪು ಇದು. ಹಿಟ್ಟು ಹೆಚ್ಚುಕಡಿಮೆ ಎರಡರಷ್ಟಾಗಿಬಿಡುತ್ತದೆ.

ನಿಮ್ಮಲ್ಲಿರುವ ಕಪ್ ನಿಜವಾಗಿ ಎಷ್ಟು ಹಿಡಿಯುತ್ತದೆ ಎಂದು ತಕ್ಕಡಿಯಿಂದಲೇ ನೋಡಬಹುದು. ಒಣಗಿದ ಕಪ್ಪನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಅಂಕಿ 236–240 ಬಂದರೆ ಅಮೆರಿಕದ ಕಪ್, 250 ಬಂದರೆ ಮೆಟ್ರಿಕ್. ಎರಡೂ ಅಲ್ಲದ ಅಂಕಿ ಬಂದರೂ ಆಶ್ಚರ್ಯಪಡಬೇಡಿ; ಮಾರಾಟವಾಗುವ ಅಳತೆ ಕಪ್‌ಗಳಲ್ಲಿ ತಪ್ಪು ಅಳತೆಯವು ಸಾಕಷ್ಟಿವೆ. ಟೀ ಚಮಚಕ್ಕೆ 10 ಸಲ ನೀರು ತುಂಬಿ ಒಂದೇ ಬಟ್ಟಲಿಗೆ ಹಾಕಿ ತೂಗಿ. 50 ಗ್ರಾಂ ಬಂದರೆ ಚಮಚ ಸರಿ ಇದೆ.

ಈಗ ಮುಖ್ಯ ಕೆಲಸ, ಬರೆದವರ ಅಂಕಿಯನ್ನು ಪತ್ತೆ ಮಾಡುವುದು. ಪುಸ್ತಕದಲ್ಲೇ ಎಲ್ಲಾದರೂ ಗ್ರಾಂ ಕೊಟ್ಟಿದ್ದಾರಾ ನೋಡಿ. ಒಂದೇ ಪಾಕವಿಧಾನದಲ್ಲಿ ಎರಡೂ ಅಳತೆ ಇದ್ದರೂ ಸಾಕು, ಭಾಗಿಸಿ ನೋಡಿದರೆ ಅವರ ಕಪ್‌ನ ತೂಕ ಸಿಗುತ್ತದೆ, ಅದನ್ನೇ ಉಳಿದದ್ದಕ್ಕೂ ಬಳಸಿ. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದು ಎಚ್ಚರಿಕೆ ಮಾತ್ರ: ಗ್ರಾಂ ಅಂಕಿಗಳನ್ನು ಪ್ರಕಾಶಕರು ಆಮೇಲೆ ಕೋಷ್ಟಕ ನೋಡಿ ಸೇರಿಸಿರುವುದೂ ಉಂಟು. 1 ಕಪ್ ಹಾಲು 240 ಗ್ರಾಂ, 1 ಕಪ್ ಎಣ್ಣೆಯೂ 240 ಗ್ರಾಂ ಎಂದಿದ್ದರೆ ಯಾರೂ ತೂಗಿ ನೋಡಿಲ್ಲ ಎಂದೇ ಅರ್ಥ. ಅಂಥಲ್ಲಿ ಕಪ್ ಅಳತೆಯನ್ನೇ ನಂಬಿ.

ಗ್ರಾಂ ಎಲ್ಲೂ ಇಲ್ಲದಿದ್ದರೆ ತುಂಬುವ ವಿಧಾನವನ್ನು ಹುಡುಕಿ. ನಿಮ್ಮ ಲೇಖಕಿ ಅದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಚಮಚದಿಂದ ಹಾಕಿ ಸಮ ಮಾಡುವುದೆಂದರೆ 120ರಿಂದ 125, ಅಲ್ಲಿಗೆ 142 ಮತ್ತು 150 ಎರಡೂ ಬಿದ್ದುಹೋಗುತ್ತವೆ. ಪದಗಳ ಕ್ರಮವನ್ನೂ ಗಮನಿಸಿ. ‘ಜರಡಿ ಹಿಡಿದ ಮೈದಾ 1 ಕಪ್’ ಎಂದರೆ ಮೊದಲು ಜರಡಿ, ಆಮೇಲೆ ಅಳತೆ. ಸುಮಾರು 110 ಗ್ರಾಂ. ‘ಮೈದಾ 1 ಕಪ್, ಜರಡಿ ಹಿಡಿಯಿರಿ’ ಎಂದರೆ ಮೊದಲು ಅಳತೆ, ಆಮೇಲೆ ಜರಡಿ. 120 ಅಥವಾ ಅದಕ್ಕೂ ಹೆಚ್ಚು. ತೂಗಿದ ಮೇಲೆ ಜರಡಿ ಹಿಡಿದರೂ ಬಿಟ್ಟರೂ ತೂಕ ಬದಲಾಗುವುದಿಲ್ಲ. ಆದರೆ ಕೋಕೋ ಉಂಡೆ ಒಡೆಯಲು ಜರಡಿ ಬೇಕೇ ಬೇಕು, ತೂಕ ನೋಡಿ ಅದನ್ನು ಕೈಬಿಡಬೇಡಿ.

ವಿಧಾನವನ್ನೂ ಹೇಳಿಲ್ಲ ಎಂದಾದರೆ ಅನುಪಾತ ನೋಡುವುದು ಉಳಿದಿರುವ ದಾರಿ. ಬ್ರೆಡ್‌ನಲ್ಲಿ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. 3 ಕಪ್ ಹಿಟ್ಟಿಗೆ ಒಂದೂಕಾಲು ಕಪ್ ನೀರು ಎಂದಿದೆ ಎಂದುಕೊಳ್ಳಿ. ನೀರು 296 ಗ್ರಾಂ, ಅದರಲ್ಲಿ ಅನುಮಾನವಿಲ್ಲ. ಹಿಟ್ಟು 120ರ ಲೆಕ್ಕದಲ್ಲಿ 360 ಗ್ರಾಂ ಆದರೆ ನೀರು ಹಿಟ್ಟಿನ 82 ಪ್ರತಿಶತ. ಅಷ್ಟು ನೀರಿದ್ದರೆ ಹಿಟ್ಟು ಕೈಗೆಲ್ಲ ಮೆತ್ತಿಕೊಂಡು ಹರಡುತ್ತದೆ. 142ರ ಲೆಕ್ಕದಲ್ಲಿ 426 ಗ್ರಾಂ ಆದರೆ ನೀರು 69 ಪ್ರತಿಶತ ಚಿಲ್ಲರೆ. ಅದು ಕೈಯಲ್ಲಿ ನಾದಲು ಬರುವ ಮೆತ್ತನೆಯ ಹಿಟ್ಟು. ಪಾಕವಿಧಾನದಲ್ಲಿ ‘ಅಂಟದಂತಾಗುವವರೆಗೆ 10 ನಿಮಿಷ ನಾದಿ’ ಎಂದಿದ್ದರೆ ಬರೆದವರು ಮೊಗೆಯುವ ಕೈಯವರು. ‘ಚಮಚದಲ್ಲಿ ಕಲಸಿ ರಾತ್ರಿಯಿಡೀ ಬಿಡಿ’ ಎಂದಿದ್ದರೆ 82 ಕೂಡ ಸರಿಯೇ ಇರಬಹುದು. ಕೇಕ್‌ನಲ್ಲಿ ಅನುಪಾತಕ್ಕೆ ಇಷ್ಟು ಖಚಿತವಾದ ಉತ್ತರ ಸಿಗುವುದಿಲ್ಲ. ನಿಮ್ಮದರಲ್ಲಿ ಸಕ್ಕರೆ 300 ಗ್ರಾಂ. ಮೈದಾ 240 ಇದ್ದರೂ 300 ಇದ್ದರೂ ಎರಡೂ ಚಾಕೊಲೇಟ್ ಕೇಕ್‌ಗೆ ಅಸಹಜವಲ್ಲ. ಮುನ್ನುಡಿಯ ಆ ಸಾಲು ಇಲ್ಲದಿದ್ದರೆ ನಾನೂ ನಿಮಗೆ ಖಚಿತವಾಗಿ ಹೇಳಲಾಗುತ್ತಿರಲಿಲ್ಲ.

ಇನ್ನೂ ಒಂದು ದಾರಿಯಿದೆ: ಕಪ್‌ನಲ್ಲಿ ಮಾಡಿದಾಗ ನಿಮಗೆ ಚೆನ್ನಾಗಿ ಬಂದ ತಿನಿಸಿನ ಅಳತೆಯನ್ನೇ ತೂಕಕ್ಕೆ ತರುವುದು. ಯಾವಾಗಲೂ ತುಂಬುವ ಹಾಗೆಯೇ ಕಪ್ ತುಂಬಿ, ತೂಗಿ, ಹಿಟ್ಟನ್ನು ಡಬ್ಬಿಗೆ ಸುರಿದು ಕೆದಕಿ ಮತ್ತೆ ತುಂಬಿ. ಹೀಗೆ 5 ಸಲ ತೂಗಿ ಸರಾಸರಿ ತೆಗೆಯಿರಿ. ಐದು ಅಂಕಿಗಳ ನಡುವೆ 10 ಗ್ರಾಂಗಿಂತ ಹೆಚ್ಚು ಅಂತರವಿದ್ದರೆ ಒಂದು ಸಲ ಮೃದು, ಒಂದು ಸಲ ಗಟ್ಟಿ ಯಾಕೆ ಬರುತ್ತಿತ್ತೆಂದು ಅಲ್ಲೇ ತಿಳಿಯುತ್ತದೆ. ಈ ದಾರಿಯ ಮಿತಿಯೂ ಗೊತ್ತಿರಲಿ. ಇದು ನಿಮ್ಮ ಕೈಯನ್ನು ಅಳೆಯುತ್ತದೆ, ಲೇಖಕಿಯ ಕೈಯನ್ನಲ್ಲ. ಹೊಸ ಪಾಕವಿಧಾನಕ್ಕೆ ಇದು ಆಗುವುದಿಲ್ಲ.

ಬೇಕಿಂಗ್ ಪೌಡರ್‌ಗೆ ಬರುತ್ತೇನೆ. ಮನೆಯ ತಕ್ಕಡಿಗಳಲ್ಲಿ ಹೆಚ್ಚಿನವು 1 ಗ್ರಾಂ ಅಂತರದಲ್ಲಿ ತೋರಿಸುತ್ತವೆ. 300 ಗ್ರಾಂ ಹಿಟ್ಟಿನಲ್ಲಿ ಅರ್ಧ ಗ್ರಾಂ ಆಚೀಚೆ ಆದರೆ ಏನೂ ಅಲ್ಲ. 4 ಗ್ರಾಂ ಎಂದು ತೋರಿಸುವಾಗ ನಿಜವಾದ ತೂಕ ಮೂರೂವರೆಯಿಂದ ನಾಲ್ಕೂವರೆಯ ನಡುವೆ ಎಲ್ಲಾದರೂ ಇರಬಹುದು. ಇದಲ್ಲದೆ ನಿಮಗೆ ತಟ್ಟಿದ ಇನ್ನೊಂದು ತೊಂದರೆ ಇದೆ. ತಟ್ಟೆಯ ಮೇಲಿನ ತೇವ, ಗಾಳಿ, ಬಿಸಿಯಿಂದ ಅಂಕಿ ಸುಮ್ಮನೆ ಅಲುಗಾಡದಿರಲೆಂದು ಬಹಳಷ್ಟು ತಕ್ಕಡಿಗಳು ಅತಿ ನಿಧಾನದ, ಅತಿ ಸಣ್ಣ ಬದಲಾವಣೆಗಳನ್ನು ಲೆಕ್ಕಿಸದೆ ಬಿಡುತ್ತವೆ. ಚಿಟಿಕೆ ಚಿಟಿಕೆಯಾಗಿ ಉದುರಿಸಿದ್ದು ಅದಕ್ಕೆ ಅಲುಗಾಟದಂತೆಯೇ ಕಂಡಿತು, ಅಂಕಿ 5ರಲ್ಲೇ ನಿಂತಿತು. ನೀವು 8 ಎಂದುಕೊಂಡದ್ದು ಅದಕ್ಕಿಂತ ಬಹಳ ಹೆಚ್ಚಾಗಿರಬೇಕು. ಹೆಚ್ಚಿದ ಬೇಕಿಂಗ್ ಪೌಡರ್ ಕಹಿ ಬಿಡುತ್ತದೆ, ಕೇಕ್ ಬೇಗ ಉಬ್ಬಿ ಬಿರುಕನ್ನು ಇನ್ನಷ್ಟು ಅಗಲ ಮಾಡುತ್ತದೆ.

ಆದ್ದರಿಂದ ಒಂದೆರಡು ಟೀ ಚಮಚದ ಪದಾರ್ಥಗಳನ್ನು ಅಳತೆ ಚಮಚದಲ್ಲೇ ಹಾಕಿ. ಡಬ್ಬಿಯಲ್ಲಿ ಕೆದಕಿ ಸಡಿಲ ಮಾಡಿ, ತುಂಬ ತೆಗೆದು, ತಲೆ ಸವರಿ. ಎಲ್ಲವನ್ನೂ ತೂಗುವುದೇ ಶ್ರೇಷ್ಠ ಎಂಬ ಮಾತನ್ನು ಇಲ್ಲಿಗೆ ತರಬೇಡಿ. ಈ ಪ್ರಮಾಣದಲ್ಲಿ ಸಾಧಾರಣ ತಕ್ಕಡಿಗಿಂತ ಸರಿಯಾದ ಚಮಚವೇ ನಂಬಿಕೆಯದು. ದೊಡ್ಡ ಪ್ರಮಾಣದಲ್ಲಿ ಮಾಡುವವರಾದರೆ 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇರೆಯೇ ಇಟ್ಟುಕೊಳ್ಳಬೇಕು. ಇರುವ ತಕ್ಕಡಿಯಲ್ಲೇ ತೂಗಬೇಕೆಂದಿದ್ದರೆ ಪೌಡರ್ ಡಬ್ಬಿಯನ್ನೇ ಮೇಲಿಟ್ಟು ಸೊನ್ನೆ ಮಾಡಿ, ಚಮಚದಿಂದ ಒಮ್ಮೆಲೇ ತೆಗೆಯಿರಿ. ಎಷ್ಟು ತೆಗೆದಿರೋ ಅಷ್ಟು ಋಣ ಅಂಕಿಯಾಗಿ ಕಾಣುತ್ತದೆ. ಒಮ್ಮೆಲೇ ಆಗುವ ಬದಲಾವಣೆಯನ್ನು ತಕ್ಕಡಿ ತಪ್ಪಿಸಿಕೊಳ್ಳುವುದಿಲ್ಲ. ಬೇಕಿಂಗ್ ಪೌಡರ್ ಟೀ ಚಮಚಕ್ಕೆ 4ರಿಂದ 4.8 ಗ್ರಾಂ, ಒಣ ಯೀಸ್ಟ್ ಸುಮಾರು 3.1 ಗ್ರಾಂ.

ಉಪ್ಪಿನಲ್ಲಿ ಮಾತ್ರ ಚಮಚವೇ ಮೋಸ ಮಾಡಬಹುದು. ಪುಡಿ ಉಪ್ಪು ಟೀ ಚಮಚಕ್ಕೆ 6 ಗ್ರಾಂ. ಅಮೆರಿಕದ ಪಾಕವಿಧಾನಗಳಲ್ಲಿ ಬರುವ ಕೋಷರ್ ಉಪ್ಪು ದೊಡ್ಡ ಹರಳಿನದು. ಅದರಲ್ಲೂ ಮಾರ್ಟನ್ ಬ್ರಾಂಡಿನದಾದರೆ ಟೀ ಚಮಚಕ್ಕೆ ಸುಮಾರು 4.8 ಗ್ರಾಂ, ಡೈಮಂಡ್ ಕ್ರಿಸ್ಟಲ್ ಬ್ರಾಂಡಿನದಾದರೆ 2.8 ಗ್ರಾಂ. ಡೈಮಂಡ್ ಕ್ರಿಸ್ಟಲ್ ಎಂದು ಬರೆದ ಕಡೆ ಪುಡಿ ಉಪ್ಪನ್ನು ಅಷ್ಟೇ ಚಮಚ ಹಾಕಿದರೆ ಉಪ್ಪು ಎರಡರಷ್ಟಾಗುತ್ತದೆ. ನಿಮ್ಮ ಪಾಕವಿಧಾನದಲ್ಲಿ ಬರೀ ಉಪ್ಪು ಎಂದಿರುವುದರಿಂದ ಪುಡಿ ಉಪ್ಪೆಂದೇ ಹಿಡಿಯಿರಿ, ಅರ್ಧ ಟೀ ಚಮಚ.

ಉಳಿದವುಗಳಲ್ಲಿ ಬೆಣ್ಣೆ ಕಪ್‌ಗೆ 227 ಗ್ರಾಂ, ಟೇಬಲ್ ಚಮಚಕ್ಕೆ 14. ತೂಗಿದ ಮೇಲೆ ಕರಗಿಸಿದರೂ ತೂಕ ಅಷ್ಟೇ. ಮೊಸರು 245. ಹೋಳು ಮಾಡುವ ಪದಾರ್ಥಗಳಲ್ಲಿ ಹೋಳಿನ ಗಾತ್ರ ನೋಡಿ. ಅಖರೋಟಿನ ಅರ್ಧ ಹೋಳುಗಳು ಕಪ್‌ಗೆ 100 ಗ್ರಾಂ ಆದರೆ ಕೊಚ್ಚಿದ್ದು 117 ಗ್ರಾಂ.

ತಕ್ಕಡಿ ಬಳಸುವಾಗ ಮೈದಾವನ್ನು ಬೇರೆ ಬಟ್ಟಲಿನಲ್ಲಿ ತೂಗಿ, ಆಮೇಲೆ ಮಿಶ್ರಣಕ್ಕೆ ಸೇರಿಸಿ. ಒಂದೇ ಪಾತ್ರೆಯಲ್ಲಿ ಸೊನ್ನೆ ಮಾಡುತ್ತಾ ಎಲ್ಲವನ್ನೂ ಹಾಕುವುದು ಅನುಕೂಲವೇನೋ ನಿಜ. ಆದರೆ ಎಣ್ಣೆ, ಹಾಲಿನ ಮೇಲೆ ಹೆಚ್ಚಾಗಿ ಬಿದ್ದ ಹಿಟ್ಟನ್ನು ವಾಪಸ್ ತೆಗೆಯಲಾಗುವುದಿಲ್ಲ. ತಕ್ಕಡಿ ಸಮತಟ್ಟಾದ ಗಟ್ಟಿ ಜಾಗದಲ್ಲಿರಲಿ. ಬಟ್ಟೆಯ ಮೇಲಿಟ್ಟರೆ ಕಾಲುಗಳು ಹುದುಗಿ ಅಂಕಿ ತಪ್ಪುತ್ತದೆ. ಬ್ಯಾಟರಿ ಕ್ಷೀಣಿಸಿದಾಗಲೂ ಅಂಕಿ ಅತ್ತಿತ್ತ ಓಡಾಡುತ್ತದೆ. 100 ಗ್ರಾಂನ ಒಂದು ತೂಕದ ಬಟ್ಟು ಇಟ್ಟುಕೊಂಡು ಆಗಾಗ ತಾಳೆ ನೋಡಿ.

ಗ್ರಾಂ ಕೂಡ ಎಲ್ಲವನ್ನೂ ಹೇಳುವುದಿಲ್ಲ. ಮೈದಾದಲ್ಲೇ ನೂರಕ್ಕೆ ಸುಮಾರು 14ರವರೆಗೆ ನೀರಿನಂಶ ಇರುತ್ತದೆ, ಮಳೆಗಾಲದಲ್ಲಿ ತೆರೆದಿಟ್ಟ ಹಿಟ್ಟು ಇನ್ನಷ್ಟು ಹೀರುತ್ತದೆ. ಒಂದು ಕಂಪನಿಯ ಹಿಟ್ಟು ಇನ್ನೊಂದಕ್ಕಿಂತ ಹೆಚ್ಚು ಹಾಲು ಕುಡಿಯುವುದೂ ಉಂಟು. ಆದರೆ ಆ ವ್ಯತ್ಯಾಸಗಳು ಚಿಕ್ಕವು, ಒಂದೆರಡು ಚಮಚ ಹಾಲಿನಲ್ಲಿ ಸರಿಹೋಗುವಂಥವು. ಅರ್ಧ ಕಪ್ ಹಿಟ್ಟಿನ ತಪ್ಪಿನಂಥವಲ್ಲ.

ನಿಮ್ಮ ಪಾಕವಿಧಾನಕ್ಕೆ ನಾನು ಹಿಡಿಯುವ ತೂಕ ಹೀಗಿದೆ: ಮೈದಾ 240 ಗ್ರಾಂ, ಕೋಕೋ 42, ಸಕ್ಕರೆ 300, ಎಣ್ಣೆ 110, ಜೇನುತುಪ್ಪ 85, ಹಾಲು 305. ಅಮೆರಿಕದ ದೊಡ್ಡ ಮೊಟ್ಟೆ ಸಿಪ್ಪೆ ಬಿಟ್ಟು 50 ಗ್ರಾಂ, ಹಾಗಾಗಿ ಎರಡಕ್ಕೆ 100. ನಿಮ್ಮಲ್ಲಿ ಸಿಗುವ ಮೊಟ್ಟೆ ಚಿಕ್ಕದಾದರೆ ಮೂರು ಒಡೆದು ಕದಡಿ 100 ಗ್ರಾಂ ತೂಗಿಕೊಳ್ಳಿ. ಬೇಕಿಂಗ್ ಪೌಡರ್ 2 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಇವೆರಡೂ ಚಮಚದಲ್ಲೇ. ಮಿಶ್ರಣ ಹಿಂದಿನದಕ್ಕಿಂತ ಬಹಳ ತೆಳ್ಳಗೆ ಕಾಣುತ್ತದೆ, ಗಾಬರಿಯಾಗಿ ಹಿಟ್ಟು ಸೇರಿಸಬೇಡಿ. ಬೆಂದ ಮೇಲೆ ನಡು ಕುಸಿದು ಒಳಗೆ ಹಸಿಹಸಿ ಎನಿಸಿದರೆ ಮುಂದಿನ ಸಲ ಮೈದಾವನ್ನು 250 ಮಾಡಿ. ಆ ಸಲ ಮೈದಾ ಬಿಟ್ಟು ಬೇರೆ ಯಾವುದನ್ನೂ ಬದಲಿಸಬೇಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ. ಚೆನ್ನಾಗಿ ಬಂದ ದಿನ ಆ ತೂಕಗಳನ್ನು ಪಾಕವಿಧಾನದ ಪಕ್ಕದಲ್ಲೇ ಬರೆದಿಡಿ, ಮೈದಾ ಮತ್ತು ಕೋಕೋ ಯಾವ ಕಂಪನಿಯದೆಂದೂ ಸೇರಿಸಿ.